ಹಣೆಯ ಮೇಲಿನ ಸುಳಿವು

ತಿಪ್ಪಯ್ಯ ಜೈಲು ಸೇರಿ ಹನ್ನೊಂದು ತಿಂಗಳಾಗಿತ್ತು. ಅವನನ್ನು ಅಲ್ಲಿಗೆ ಕಳಿಸಿದ್ದು ನಾನು ಪೊಲೀಸರಿಗೆ ಕೊಟ್ಟ ಹೇಳಿಕೆ. ಮಾರ್ಚಿಯಲ್ಲಿ ತುಮಕೂರಿನ ಕೋರ್ಟಿನಲ್ಲಿ ಅದನ್ನೇ ಪ್ರಮಾಣ ಮಾಡಿ ಹೇಳಬೇಕಿತ್ತು. ಹೇಳಿದರೆ ಅವನಿಗೆ ಜೀವಾವಧಿ ಆಗುವುದು ಹೆಚ್ಚುಕಮ್ಮಿ ಖಂಡಿತ ಎಂದು ಸರ್ಕಾರಿ ವಕೀಲ ಗುರುಪ್ರಕಾಶ್ ಫೋನಿನಲ್ಲಿ ತಿಳಿಸಿದ್ದರು.

"ನಿಮ್ಮ ಸಾಕ್ಷಿ ಮೇಲೇ ಮೇಡಂ ಈ ಕೇಸು ನಿಂತಿರೋದು. ಹೇಳಿಕೇಲಿ ಏನಿದೆಯೋ ಅಷ್ಟು ಹೇಳ್ಬಿಡಿ, ಸಾಕು. ಎಷ್ಟು ಚೆನ್ನಾಗಿದೆ ಅಂತೀರಾ! ನಮ್ಮ ಪೊಲೀಸ್ನೋರು ಹಿಂಗೆ ಬರೆಯೋದು ಯಾವತ್ತು ಕಲೀತಾರೋ."

ಚೆನ್ನಾಗಿ ಹೇಳುವುದು ನನ್ನ ಕಸುಬು. ನಾನು ಕುಣಿಗಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಎಂ.ಎ.ಯಲ್ಲಿ ಪತ್ತೇದಾರಿ ಕಾದಂಬರಿಗಳ ಕಥನತಂತ್ರದ ಮೇಲೆ ಪ್ರಬಂಧ ಬರೆದಿದ್ದೆ. ಈಗಲೂ ಕಥಾವಸ್ತು, ಕಥಾಸಂವಿಧಾನ ಎಂದು ಪಾಠ ಬಂದರೆ ಅಲ್ಲಿಂದಲೇ ಶುರುಮಾಡುತ್ತೇನೆ. ಮಕ್ಕಳು ನಿದ್ದೆ ಮಾಡುವುದಿಲ್ಲ.

ಬೋರ್ಡಿನ ಮೇಲೆ ಎರಡು ಗೆರೆ ಎಳೆಯುತ್ತೇನೆ. ಮೇಲಿನದು ನಡೆದ ಕಥೆ: ಯಾರು ಯಾರನ್ನು ಯಾಕೆ ಕೊಂದರು. ಕೆಳಗಿನದು ತಿಳಿದುಕೊಳ್ಳುವ ಕಥೆ: ಅದು ಹೆಣ ಸಿಕ್ಕಿದಲ್ಲಿ ಶುರುವಾಗಿ ಹಿಂದಕ್ಕೆ ನಡೆಯುತ್ತದೆ. ಓದುವವರಿಗೆ ಕಾಣುವುದು ಕೆಳಗಿನ ಗೆರೆ ಮಾತ್ರ. ಕೊನೆಯಲ್ಲಿ ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಎರಡನ್ನೂ ಸೇರಿಸುತ್ತಾನೆ. ನಿಜವಾದ ಸುಳಿವನ್ನು ಲೇಖಕ ಮುಚ್ಚಿಡುವಂತಿಲ್ಲ, ಎಲ್ಲರ ಕಣ್ಣೆದುರಿಗೇ ಇಡಬೇಕು, ಆದರೆ ಹತ್ತು ಸಾಮಾನುಗಳ ನಡುವೆ ಇಡಬೇಕು. ದಾರಿ ತಪ್ಪಿಸುವ ಸುಳಿವುಗಳನ್ನು ಎಷ್ಟು ಬೇಕಾದರೂ ಚೆಲ್ಲಬಹುದು. ಅಪರಾಧಿ ಮೊದಲ ಕೆಲವು ಅಧ್ಯಾಯಗಳಲ್ಲೇ ಒಮ್ಮೆ ಕಾಣಿಸಿಕೊಂಡಿರಬೇಕು.

ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸು ಬಂದು ನೋಡುವವಳು ನಾನು. ಎದುರು ಕೂತವರ ಚಪ್ಪಲಿ, ಉಗುರು, ಮಾತಿನ ನಡುವಿನ ಮೌನ, ಎಲ್ಲವೂ ಕಣ್ಣಿಗೆ ಬೀಳುತ್ತವೆ, ಬಿದ್ದಮೇಲೆ ಬಿಡುವುದಿಲ್ಲ. ನನ್ನಂಥವರಿಗೆ ಆ ಕಥೆಗಳು ಹಿಡಿಸುವುದು ಅದಕ್ಕೇ ಇರಬೇಕು. ಅಲ್ಲಿ ಗಮನಿಸಿದ್ದು ಯಾವುದೂ ದಂಡವಾಗುವುದಿಲ್ಲ.

ಸತ್ತದ್ದು ನನ್ನ ದೊಡ್ಡಪ್ಪ ಪರಮಶಿವಯ್ಯ. ಗುಬ್ಬಿಯಲ್ಲಿ ಅವರದು ಕೊಬ್ಬರಿ ವ್ಯಾಪಾರ. ಮುಂದೆ ಮನೆ, ಹಿಂದೆ ಗೋದಾಮು, ಗೋದಾಮಿನ ಮೇಲೆ ಅಟ್ಟ. ಕಾಯಿಗಳನ್ನು ಸುಲಿಯದೆ ಆ ಅಟ್ಟದಲ್ಲಿ ಹರಡಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಎನ್ನುವಾಗ ಕೆಳಗೆ ಹಾಕಿ ಸುಲಿಯುತ್ತಾರೆ. ಸುಲಿಯುವವನು ತಿಪ್ಪಯ್ಯ, ಚೇಳೂರಿನ ಕಡೆಯವನು, ಒಂಬತ್ತು ವರ್ಷದಿಂದ ಅಲ್ಲೇ ಇದ್ದ.

ಕಳೆದ ವರ್ಷ ಮಾರ್ಚಿಯ ಒಂದು ಸಂಜೆ ಏಳೂಕಾಲಕ್ಕೆ ದೊಡ್ಡಪ್ಪ ಗೋದಾಮಿನಲ್ಲಿ ಅಟ್ಟದ ಏಣಿಯ ಹತ್ತಿರ ಅಂಗಾತ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಮೊದಲು ನೋಡಿದ್ದು ಸೊಸೆ ಅಕ್ಷತಾ. ಮೂರು ಗಂಟೆಗೆ ಮಠದ ವಚನ ತರಗತಿಗೆ ಹೋದವಳು ಆಗಷ್ಟೇ ಬಂದಿದ್ದಳು. ಗಂಡ ಸಂಗಮೇಶ್ ಐದೂವರೆಗೆ ತುಮಕೂರಿಗೆ ಹೋಗಿದ್ದ. ಸುದ್ದಿ ತಿಳಿದು ನಾನು ಎಂಟು ಗಂಟೆಯ ಹೊತ್ತಿಗೆ ಅಲ್ಲಿದ್ದೆ. ಪೊಲೀಸರು ಬಂದು ಕೇಳಿದ ಮೊದಲ ಪ್ರಶ್ನೆ, ಯಾರಾದರೂ ಹೆಣ ಮುಟ್ಟಿದಿರಾ ಎಂದು. ಇಲ್ಲ ಎಂದೆವು ಎಲ್ಲರೂ.

ದೊಡ್ಡಪ್ಪನ ಹಣೆಯ ಮೇಲೆ ಮೂರು ಗೆರೆ ವಿಭೂತಿ ಅಚ್ಚುಕಟ್ಟಾಗಿ, ಅಳಿಸದೆ ಇತ್ತು.

ಮೂರನೆಯ ದಿನ ಇನ್ಸ್‌ಪೆಕ್ಟರು ಮನೆಗೆ ಬಂದರು. ಹಜಾರದಲ್ಲಿ ನೆಂಟರೆಲ್ಲ ಕೂತಿದ್ದರು. ಪೋಸ್ಟ್‌ಮಾರ್ಟಂ ವರದಿಯಲ್ಲಿ ಸಾವು ನಾಲ್ಕರಿಂದ ಏಳರ ನಡುವೆ ಆಗಿದೆ, ಬಿದ್ದೂ ಪೆಟ್ಟಾಗಿರಬಹುದು, ಹೊಡೆದೂ ಆಗಿರಬಹುದು ಎಂದಿತ್ತು. "ಏಣಿಯಿಂದ ಜಾರಿರ್ಬೇಕು ಬಿಡಿ," ಎಂದು ಅವರು ಎದ್ದು ಹೊರಡುವವರಿದ್ದರು. ನಾನು, "ಇಲ್ಲ ಸಾರ್," ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು.

ದೊಡ್ಡಪ್ಪ ಬೆಳಗಿನಿಂದ ಕಾಯಿಯ ನಡುವೆ ಬೆವರುತ್ತಿದ್ದರು, ಬೆಳಗಿನ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಉಳಿದಿರುತ್ತಿರಲಿಲ್ಲ ಎಂದೆ. ಸಂಜೆ ಆರಕ್ಕೆ ಸ್ನಾನ ಮಾಡಿ, ಲಿಂಗಪೂಜೆಗೆ ಕೂತು, ಆಗ ಮತ್ತೆ ಹಚ್ಚಿಕೊಳ್ಳುತ್ತಿದ್ದರು. ಹಣೆಯ ಮೇಲೆ ಹೊಸ ವಿಭೂತಿ ಇದೆ ಎಂದರೆ ಪೂಜೆ ಮುಗಿದಿದೆ, ಅಂದರೆ ಸಾವು ಆರೂವರೆಯ ನಂತರ. ಪೂಜೆಯಾದ ಮೇಲೆ ಅವರು ಒಂದು ದಿನವೂ ಅಟ್ಟ ಹತ್ತಿದವರಲ್ಲ. ಆದ್ದರಿಂದ ಏಣಿಯಿಂದ ಬಿದ್ದದ್ದಲ್ಲ, ಯಾರೋ ಹೊಡೆದದ್ದು. ಆ ಹೊತ್ತಿನಲ್ಲಿ ಮಗ ಊರಿನಲ್ಲಿರಲಿಲ್ಲ, ಸೊಸೆ ಮಠದಲ್ಲಿದ್ದಳು. ಗೋದಾಮಿನ ಹತ್ತಿರ ಯಾರಿದ್ದರು? ಎದುರಿನ ಟೀ ಅಂಗಡಿಯ ಬೀರಯ್ಯ ಆರೂಮುಕ್ಕಾಲಿಗೆ ತಿಪ್ಪಯ್ಯನನ್ನು ನೋಡಿದ್ದ. ಅವತ್ತು ಬೆಳಿಗ್ಗೆ ದೊಡ್ಡಪ್ಪ ಬೈದದ್ದಕ್ಕೆ ತಿಪ್ಪಯ್ಯ "ಇವತ್ತಿಗೆ ಮುಗೀತು ಬುಡಿ ಯಜಮಾನ್ರೇ" ಎಂದದ್ದನ್ನು ನಾಲ್ಕು ಜನ ಕೇಳಿಸಿಕೊಂಡಿದ್ದರು.

ಇನ್ಸ್‌ಪೆಕ್ಟರು ಮತ್ತೆ ಕೂತು ಪೆನ್ನು ತೆಗೆದರು. "ಇನ್ನೊಂದ್ಸಲ, ನಿಧಾನಕ್ಕೆ ಹೇಳಿ ಮೇಡಂ."

ಸುಳ್ಳು ಬರೆಯುವುದಿಲ್ಲ, ನನಗೆ ಖುಷಿಯಾಯಿತು. ದುಃಖದ ಮನೆಯಲ್ಲಿ ನಿಂತು ನನಗೆ ಖುಷಿಯಾಯಿತು.

ಒಂದು ಸಂಗತಿ ಈ ಜೋಡಣೆಗೆ ಹೊಂದುತ್ತಿರಲಿಲ್ಲ. ದೊಡ್ಡಪ್ಪನ ಕೂದಲಲ್ಲಿ, ಪಂಚೆಯಲ್ಲಿ ಅಟ್ಟದ ದೂಳು, ತೆಂಗಿನ ನಾರು ಇದ್ದವು. ಸ್ನಾನ ಮಾಡಿದವರ ಮೈಮೇಲೆ ಅದು ಹೇಗೆ ಬಂತು? ಬಿದ್ದಾಗ ನೆಲದಿಂದ ಹತ್ತಿರಬೇಕು ಎಂದುಕೊಂಡು, ದಾರಿ ತಪ್ಪಿಸುವ ಸುಳಿವಿನ ಸಾಲಿಗೆ ಅದನ್ನು ಸೇರಿಸಿಬಿಟ್ಟೆ.

ತಿಪ್ಪಯ್ಯ ತಾನು ನಾಲ್ಕಕ್ಕೇ ಕೆಲಸ ಬಿಟ್ಟು ಹೋದೆ ಎಂದ. ಫ್ಯಾಕ್ಟರಿಯೊಂದರಲ್ಲಿ ಬೇರೆ ಕೆಲಸ ಸಿಕ್ಕಿತ್ತಂತೆ, ಮುಗೀತು ಎಂದದ್ದು ಅದಕ್ಕಂತೆ. ಜಗಲಿ ಮೇಲೆ ಮರೆತಿದ್ದ ಊಟದ ಡಬ್ಬಿ ತಗೊಂಡು ಹೋಗಲು ಸಂಜೆ ಬಂದು, ಕೂಗಿದೆ, ಯಾರೂ ಓಗೊಡಲಿಲ್ಲ, ಹೊರಟೆ ಎಂದ. ಕಾಯಿ ಸುಲಿಯುವ ಅವನ ಕಬ್ಬಿಣದ ಸಲಾಕೆಯ ಮೇಲೆ ರಕ್ತ ಇರಲಿಲ್ಲ. ತೊಳೆದಿದ್ದಾನೆ ಎಂದು ಬರೆದುಕೊಂಡರು.

ಈ ಫೆಬ್ರವರಿಯಲ್ಲಿ ನನ್ನ ಅತ್ತೆ ಉಮಾಮಹೇಶ್ವರಿ ತೀರಿಕೊಂಡರು. ಬೆಳಿಗ್ಗೆ ಆರೂವರೆಗೆ ಕಾಫಿ ತೆಗೆದುಕೊಂಡು ಹೋದೆ. ಮಲಗಿದ ಭಂಗಿಯಲ್ಲೇ ಉಸಿರು ನಿಂತಿತ್ತು. ನನ್ನ ಗಂಡ ಹಾಲು ತರಲು ಹೋಗಿದ್ದರು. ಫೋನ್ ಮಾಡಿದೆ. ಅವರು ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರನ್ನು ಕರೆದುಕೊಂಡೇ ಬಂದರು.

"ನೀವು ನೋಡ್ದಾಗ ಮೈ ಬೆಚ್ಚಗಿತ್ತಾ, ತಣ್ಣಗಿತ್ತಾ?" ಎಂದು ಡಾಕ್ಟರು ಕೇಳಿದರು. ಸರ್ಟಿಫಿಕೇಟಿನಲ್ಲಿ ಹೊತ್ತು ಬರೆಯಬೇಕಿತ್ತು.

"ಗೊತ್ತಿಲ್ಲ ಡಾಕ್ಟ್ರೇ. ನಾನು ಮುಟ್ಲಿಲ್ಲ."

"ಯಾರೂ ಮುಟ್ಟಿಲ್ವಾ?"

"ಇಲ್ಲ. ಹೆಂಗಿದ್ರೋ ಹಂಗೇ ಇದಾರೆ."

ಅವರು ಅತ್ತೆಯ ಮುಖ ನೋಡಿದರು. ಆಮೇಲೆ ನನ್ನ ಬಲಗೈ ನೋಡಿದರು. "ಮತ್ತೆ ಹಣೆ ಮೇಲಿನ ವಿಭೂತಿ ಇನ್ನೂ ಹಸಿ ಇದೆಯಲ್ಲಮ್ಮ?"

ನಾನೂ ನೋಡಿಕೊಂಡೆ. ನಡುವಿನ ಮೂರು ಬೆರಳುಗಳ ತುದಿಯಲ್ಲಿ ಬೆಳ್ಳಗಿತ್ತು. ಕಾಫಿ ಲೋಟ ಕಿಟಕಿಯ ಮೇಲಿಟ್ಟದ್ದು ನೆನಪಿತ್ತು. ದೇವರ ಗೂಡಿಗೆ ಹೋಗಿದ್ದು, ವಿಭೂತಿ ಗಟ್ಟಿಯನ್ನು ಒದ್ದೆ ಮಾಡಿ ತೇಯ್ದದ್ದು, ಅವರ ಹಣೆಗೆ ಎಳೆದದ್ದು, ಕೇಳಿದಮೇಲೆ ಒಂದೊಂದಾಗಿ ಬಂತು. ಚಿಕ್ಕಂದಿನಿಂದ ನಮ್ಮ ಮನೆಗಳಲ್ಲಿ ಉಸಿರು ನಿಂತವರಿಗೆ ಮೊದಲು ಮಾಡುವುದು ಅದನ್ನೇ. ಬೋಳು ಹಣೆಯಲ್ಲಿ ಯಾರನ್ನೂ ಬಿಡುವುದಿಲ್ಲ. ಬಿದ್ದ ಸೆರಗನ್ನು ಎತ್ತಿಕೊಂಡ ಹಾಗೆ ಕೈ ತಾನಾಗಿ ಮಾಡುತ್ತದೆ. ಅದನ್ನು ಮುಟ್ಟುವುದು ಎಂದು ಯಾರೂ ಅಂದುಕೊಳ್ಳುವುದಿಲ್ಲ.

"ತಣ್ಣಗಿತ್ತು," ಎಂದೆ. "ಹಣೆ ತಣ್ಣಗಿತ್ತು."

ನನ್ನ ಗಂಡ ನಾನು ಅಳುತ್ತಿರುವುದು ಅತ್ತೆಗಾಗಿ ಎಂದುಕೊಂಡು ಬೆನ್ನು ಸವರಿದರು.

ಅತ್ತೆಯ ಕಾರ್ಯವೆಲ್ಲ ಮುಗಿದ ಮೇಲೆ ಒಂದು ಭಾನುವಾರ ಗುಬ್ಬಿಗೆ ಹೋದೆ. ಅಕ್ಷತಾ ಪಡಸಾಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಎದುರಿಗೆ ಕೂತೆ.

"ಅಕ್ಷತಾ, ಅವತ್ತು ದೊಡ್ಡಪ್ಪನ್ನ ನೋಡ್ದಾಗ ನೀನು ಮುಟ್ಟಿದ್ಯಾ?"

"ಅಯ್ಯೋ, ಇಲ್ಲಕ್ಕ. ಪೊಲೀಸ್ನೋರಿಗೂ ಅದೇ ಹೇಳಿದೀನಲ್ಲ."

"ವಿಭೂತಿ ಹಚ್ಚಿದ್ಯಾ?"

"ಹೂಂ ಮತ್ತೆ." ಅವಳು ತಲೆ ಎತ್ತಲೂ ಇಲ್ಲ. "ಹಂಗೇ ಬಿಡೋಕಾಗುತ್ತಾ? ಹಣೇಲಿ ಒಂದು ಗೆರೆ ಇರ್ಲಿಲ್ಲ ಪಾಪ, ಬರೀ ದೂಳು. ಸೆರಗಲ್ಲಿ ಒರೆಸಿ ಹಚ್ಚಿ, ಆಮೇಲೆ ಇವ್ರಿಗೆ ಫೋನ್ ಮಾಡ್ದೆ."

"ಯಾಕೆ ಹೇಳ್ಲಿಲ್ಲ ನೀನು?"

"ಯಾರು ಕೇಳಿದ್ರು? ಅದನ್ನೂ ಯಾರಾದ್ರೂ ಹೇಳ್ತಾರಾ?"

ನಾನು ಹಜಾರದಲ್ಲಿ ಮಾತಾಡುವಾಗ ಅವಳು ಅಡುಗೆಮನೆಯಲ್ಲಿ ಪೊಲೀಸರಿಗೆ ಕಾಫಿ ಸೋಸುತ್ತಿದ್ದಳು. ಅನುಪಮಕ್ಕ ಪತ್ತೆ ಮಾಡಿಬಿಟ್ಟಳು ಎಂಬುದಷ್ಟೇ ಅವಳಿಗೆ ಗೊತ್ತು. ಹೇಗೆ ಎಂದು ಯಾರೂ ಹೇಳಿರಲಿಲ್ಲ.

"ಹಣೆ ಹೆಂಗಿತ್ತು?"

"ತಣ್ಣಗಿತ್ತಕ್ಕ. ಕಲ್ಲು ಮುಟ್ಟಿದಂಗೆ." ಈಗ ಅವಳ ಕೈ ನಿಂತಿತು. "ಯಾಕೆ ಕೇಳ್ತಿದೀರಾ?"

ಹೇಳಿದೆ. ವಿಭೂತಿ ಅವಳದಾದರೆ ಪೂಜೆ ಆಗಿರಲಿಲ್ಲ. ಪೂಜೆ ಆಗಿರದಿದ್ದರೆ ದೊಡ್ಡಪ್ಪ ಅಟ್ಟ ಹತ್ತಿರಬಹುದು, ಮೈಮೇಲಿನ ದೂಳು ಅಟ್ಟದ್ದೇ ಇರಬಹುದು. ಹಣೆ ಅಷ್ಟು ತಣ್ಣಗಿತ್ತೆಂದರೆ, ತಿಪ್ಪಯ್ಯ ಡಬ್ಬಿಗಾಗಿ ಬಂದು ಕೂಗಿದಾಗ ಅವರು ಒಳಗೆ ಸತ್ತು ಬಹಳ ಹೊತ್ತಾಗಿತ್ತು.

ಸಂಗಮೇಶ್ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದನ್ನು ನಾನು ಗಮನಿಸಿರಲಿಲ್ಲ. ಅವನ ಮುಖ ನೋಡಿ ಇವನಿಗೆ ಇನ್ನೇನೋ ಗೊತ್ತಿದೆ ಎನ್ನಿಸಿತು.

"ಸಂಗು, ನೀನು ಐದೂವರೆವರೆಗೂ ಮನೇಲೇ ಇದ್ದೆ ಅಲ್ವೇನೋ?"

ಅವನು ಬಂದು ಕಂಬಕ್ಕೆ ಒರಗಿ ಕೂತ.

"ನಾಲ್ಕೂವರೆಗೆ ಧಪ್ ಅಂತು ಅಕ್ಕ. ಮೊಬೈಲಲ್ಲಿ ಮ್ಯಾಚ್ ನೋಡ್ತಿದ್ದೆ. ಅಟ್ಟದಿಂದ ಕಾಯಿ ಹಾಕ್ತಿದಾರೆ ಅಂದ್ಕೊಂಡೆ. ಈ ಮನೇಲಿ ಆ ಸದ್ದಿಗೆ ಯಾರಾದ್ರೂ ತಿರುಗಿ ನೋಡ್ತಾರಾ? ಹುಟ್ಟಿದಾಗಿಂದ ಕೇಳ್ತಿದೀವಿ." ಅವನ ಧ್ವನಿ ಇಳಿಯಿತು. "ಒಂದೇ ಒಂದ್ಸಲ ಅಂತು. ಹಾಕೋರು ಒಂದೇ ಕಾಯಿ ಹಾಕ್ತಾರಾ ಅಂತ ಆಮೇಲೆ ಹೊಳೀತು. ಅಷ್ಟೊತ್ತಿಗೆ ನೀನು ತಿಪ್ಪಯ್ಯನ ಹೆಸರು ಹೇಳಿ ಆಗಿತ್ತು. ಇರ್ಬೋದು, ನಿಂಗೆ ಗೊತ್ತಿರುತ್ತೆ, ನಾನು ಕೇಳಿದ್ದು ಕಾಯಿನೇ ಇರ್ಬೇಕು ಅಂತ..."

"ಇದನ್ನ ಕೋರ್ಟಲ್ಲಿ ಹೇಳ್ಬೇಕು ಕಣೋ."

"ಏನಂತ? ಅಪ್ಪ ಒಂದು ಗಂಟೆ ಹೊತ್ತು ಅಲ್ಲಿ ಬಿದ್ದಿದ್ರು, ನಾನು ಮ್ಯಾಚ್ ನೋಡಿ, ತಲೆ ಬಾಚ್ಕೊಂಡು, ತುಮಕೂರಿಗೆ ಹೋದೆ ಅಂತಾನಾ? ಮನೇಲಿ ಇದ್ದೋನು ಮಗ ಒಬ್ನೇ ಅಂತ ಆಯ್ತದೆ. ಮಗನೇ ತಳ್ಳಿದ ಅಂತಾರೆ, ಗೊತ್ತಾ?"

"ತಿಪ್ಪಯ್ಯ ಒಳಗಿದಾನೆ."

"ಅವನ್ನ ಒಳಗೆ ಹಾಕ್ಸಿದ್ದು ನಾನಾ?"

ಅಕ್ಷತಾ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಹೊರಡುವಾಗ ಅವನು ಬಾಗಿಲವರೆಗೂ ಬಂದ. "ಅವಳೂ ಹೇಳಲ್ಲ, ನಾನೂ ಹೇಳಲ್ಲ. ನೀನು ಬೇಕಾದ್ರೆ ಹೇಳ್ಕೋ," ಎಂದ. ಅವನನ್ನು ನಾನು ಎತ್ತಿ ಆಡಿಸಿದ್ದೆ.

ಮಾರ್ಚಿ ಹದಿನೆಂಟಕ್ಕೆ ಸಾಕ್ಷಿ ಹೇಳಲು ನಿಂತೆ. ಎದುರು ಮೂಲೆಯಲ್ಲಿ ತಿಪ್ಪಯ್ಯ ಇದ್ದ. ತುಂಬಾ ತೆಳ್ಳಗಾಗಿದ್ದ, ಗಡ್ಡ ಬೆಳ್ಳಗಾಗಿತ್ತು. ಅವನು ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದ.

ಗುರುಪ್ರಕಾಶ್ ನಗುತ್ತಲೇ ಶುರುಮಾಡಿದರು. "ಮೃತರ ಹಣೆ ಮೇಲೆ ವಿಭೂತಿ ಇದ್ದದ್ದನ್ನ ನೀವು ನೋಡಿದ್ರಿ, ಸರಿನಾ?"

"ನೋಡಿದೆ. ಆದರೆ ಅದನ್ನು ಅವರು ಹಚ್ಚಿಕೊಂಡದ್ದಲ್ಲ. ಸತ್ತ ಮೇಲೆ ಸೊಸೆ ಹಚ್ಚಿದ್ದು. ನನ್ನ ಹೇಳಿಕೆ ತಪ್ಪು."

ಅವರ ನಗು ಹಾಗೇ ಸ್ವಲ್ಪ ಹೊತ್ತು ಉಳಿಯಿತು, ಆಮೇಲೆ ಹೋಯಿತು. ಈ ಸಾಕ್ಷಿ ಪ್ರತಿಕೂಲವಾಗಿದ್ದಾರೆ ಎಂದು ನ್ಯಾಯಾಧೀಶರ ಅನುಮತಿ ಪಡೆದು, ಈ ಸಲ ಬೇರೆ ಧ್ವನಿಯಲ್ಲಿ ಕೇಳಿದರು. "ಅವತ್ತು ಹೇಳಿದ್ದು ಸುಳ್ಳಾ? ಅಥವಾ ಇವತ್ತು ಹೇಳ್ತಿರೋದು ಸುಳ್ಳಾ?"

"ಅವತ್ತು ಸುಳ್ಳು ಹೇಳಲಿಲ್ಲ. ಗೊತ್ತಿಲ್ಲದ ಕಡೆ ಊಹೆ ಮಾಡಿ ತುಂಬಿದೆ."

"ಸೊಸೆ ಹಚ್ಚಿದ್ದನ್ನ ನೀವು ಕಣ್ಣಾರೆ ಕಂಡ್ರಾ?"

"ಇಲ್ಲ."

"ಅಷ್ಟೇ ಮೇಡಂ."

ಬೇರೆಯವರು ಹೇಳಿದ್ದನ್ನು ನಾನು ಹೇಳಿದರೆ ನಡೆಯುವುದಿಲ್ಲ, ಅಕ್ಷತಾಳನ್ನೇ ಕೇಳಬೇಕು ಎಂದು ನ್ಯಾಯಾಧೀಶರು ಬರೆಸಿದರು. ಅವಳ ಸಾಕ್ಷಿ ಏಪ್ರಿಲ್‌ನಲ್ಲಿತ್ತು. ಮುಟ್ಟಿಲ್ಲ ಎಂದು ಅವಳು ಪೊಲೀಸರಿಗೆ ಹೇಳಿದ್ದು ಬರಹದಲ್ಲಿತ್ತು. ಅದನ್ನೇ ಇನ್ನೊಮ್ಮೆ ಹೇಳಿದರೆ ತಿಪ್ಪಯ್ಯನ ಕಥೆ ಮುಗಿಯುತ್ತಿತ್ತು.

ಹೊರಗೆ ಹೊಂಗೆ ಮರದ ಕೆಳಗೆ ತಿಪ್ಪಯ್ಯನ ವಕೀಲೆ ಕಾವ್ಯ ಫೈಲು ಕಟ್ಟುತ್ತಿದ್ದಳು. ಸರ್ಕಾರವೇ ಅವನಿಗೆ ಕೊಟ್ಟ ವಕೀಲೆ, ನನ್ನ ವಿದ್ಯಾರ್ಥಿನಿಯರಷ್ಟೇ ವಯಸ್ಸು. ಅವಳ ಹತ್ತಿರ ಹೋಗಿ ಹೇಳಿದೆ:

"ಹೆಣ ಮುಟ್ಟಿದ್ರಾ ಅಂತ ಅಕ್ಷತಾನ ಕೇಳ್ಬೇಡಿ. ಮುಟ್ಲಿಲ್ಲ ಅಂತಾಳೆ, ಅದು ಅವಳಿಗೆ ಸುಳ್ಳು ಅನ್ಸಲ್ಲ. ನಿಮ್ಮ ಮಾವನಿಗೆ ವಿಭೂತಿ ಹಚ್ಚಿದ್ರಾ ಅಂತ ಕೇಳಿ."

"ಅದಕ್ಕೂ ಇಲ್ಲ ಅಂದ್ರೆ?"

"ಅನ್ನಲ್ಲ."

ಹಾಗೆಂದೆನೇ ಹೊರತು, ಆ ತಿಂಗಳು ಪೂರ್ತಿ ನಿದ್ದೆ ಬರಲಿಲ್ಲ. ನನ್ನ ಊಹೆಗಳ ಮೇಲೆ ನನಗೆ ಯಾವ ನಂಬಿಕೆಯೂ ಉಳಿದಿರಲಿಲ್ಲ. ತರಗತಿಯಲ್ಲಿ ಪಾಠ ಆ ಭಾಗಕ್ಕೆ ಬಂದಾಗ ಎರಡು ಗೆರೆ ಎಳೆದು, ಮೇಲಿನ ಗೆರೆಯನ್ನು ಅಳಿಸಿ, ಮುಂದೇನು ಹೇಳಬೇಕೆಂದು ತಿಳಿಯದೆ ಗಂಟೆ ಹೊಡೆಯುವವರೆಗೂ ನೋಟ್ಸ್ ಬರೆಸಿದೆ.

ಅಕ್ಷತಾಳ ಸಾಕ್ಷಿಯ ದಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸಂಗಮೇಶ್ ನನ್ನಿಂದ ಮೂರು ಸಾಲು ಮುಂದೆ ಇದ್ದ. ಗುರುಪ್ರಕಾಶ್ ಕೇಳಿದ್ದಕ್ಕೆ ಅವಳು ಕಲಿತು ಬಂದವಳಂತೆ ಉತ್ತರಿಸಿದಳು. ಹೆಣ ಮುಟ್ಟಿದಿರಾ? ಇಲ್ಲ. ಏನನ್ನಾದರೂ ಸರಿಸಿದಿರಾ? ಇಲ್ಲ. ಆಮೇಲೆ ಕಾವ್ಯ ಎದ್ದಳು.

"ನಿಮ್ಮ ಮಾವನಿಗೆ ವಿಭೂತಿ ಹಚ್ಚಿದ್ಯಾರು?"

ಅಕ್ಷತಾ ಗಂಡನ ಕಡೆ ನೋಡಿದಳು. ಅವಳ ಕೈ ತಾನಾಗಿ ಎದೆಯ ಹತ್ತಿರ, ಸೀರೆಯೊಳಗಿದ್ದ ಲಿಂಗದ ಕರಡಿಗೆಯ ಮೇಲೆ ಹೋಯಿತು. ನ್ಯಾಯಾಧೀಶರು, "ಹೇಳಮ್ಮ," ಎಂದರು.

"ನಾನೇ," ಎಂದಳು. "ಅದನ್ನ ಇಲ್ಲ ಅಂತ ಹೆಂಗೆ ಹೇಳ್ಲಿ? ನಾನೇ ಹಚ್ಚಿದ್ದು. ಹಣೆ ತಣ್ಣಗಿತ್ತು." ಅತ್ತುಬಿಟ್ಟಳು.

ಸಂಗಮೇಶ್ ಎದ್ದು ಹೊರಗೆ ಹೋದ. ಅವನು ಕೇಳಿದ ಸದ್ದಿನ ವಿಷಯ ಕೋರ್ಟಿನಲ್ಲಿ ಬರಲೇ ಇಲ್ಲ, ಬರುವ ಅಗತ್ಯವೂ ಬೀಳಲಿಲ್ಲ. ಆದರೆ ಗುಬ್ಬಿಗೆ ಕೋರ್ಟು ಬೇಕಿರಲಿಲ್ಲ. ಮೇ ತಿಂಗಳ ಹೊತ್ತಿಗೆ ಬೀರಯ್ಯನ ಟೀ ಅಂಗಡಿಯಲ್ಲಿ ಬೇರೆ ಕಥೆ ತಯಾರಾಗಿತ್ತು. ನಾನು ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಬೀರಯ್ಯ ನನ್ನನ್ನೇ ಕರೆದು ಹೇಳಿದ: "ಐದೂವರೆಗೆ ಸಂಗಮೇಶಪ್ಪ ಬೈಕ್ ತಗೊಂಡು ಹೋದ್ನಲ್ಲ, ಏನ್ ಸ್ಪೀಡು ಅಂತೀರಾ ಮೇಡಂ! ಅವತ್ತೇ ಅಂದ್ಕೊಂಡೆ. ಕೈಯೆಲ್ಲ ನಡುಗ್ತಿತ್ತು ಕಣ್ರೀ, ನಾನೇ ನೋಡಿದೀನಿ." ಮೊದಲ ಹೇಳಿಕೆಯಲ್ಲಿ ಅವನು ಸಂಗಮೇಶನನ್ನು ನೋಡಿಯೇ ಇರಲಿಲ್ಲ. ಬೀರಯ್ಯ ನೋಡಿಲ್ಲ, ಸುಮ್ಮನೆ ಸೇರಿಸುತ್ತಿದ್ದಾನೆ ಎಂದು ಅಲ್ಲಿದ್ದವರಿಗೆಲ್ಲ ಹೇಳಿದೆ. ನಿಮ್ಮ ತಮ್ಮ ಅಲ್ವಾ, ಬಿಡಿ ಎಂದರು. ಸಂಗಮೇಶ್ ಗೋದಾಮನ್ನು ಬಾಡಿಗೆಗೆ ಕೊಟ್ಟು ಹೊರಗೆ ಬರುವುದನ್ನೇ ಬಿಟ್ಟಿದ್ದಾನೆ ಎಂದು ಆಮೇಲೆ ತಿಳಿಯಿತು. ಆ ಮನೆಯವರು ನನ್ನ ಫೋನ್ ತೆಗೆಯುವುದಿಲ್ಲ.

ಜುಲೈನಲ್ಲಿ ತಿಪ್ಪಯ್ಯನ ಬಿಡುಗಡೆಯಾಯಿತು. ತೀರ್ಪಿನ ಪ್ರಕಾರ ಅದು ಕೊಲೆ ಎಂಬುದಕ್ಕೇ ಆಧಾರವಿರಲಿಲ್ಲ. ಒಟ್ಟು ಹದಿನಾರು ತಿಂಗಳು ಒಳಗಿದ್ದ. ಫ್ಯಾಕ್ಟರಿಯ ಕೆಲಸ ಯಾವತ್ತೋ ಬೇರೆಯವರಿಗೆ ಹೋಗಿತ್ತು.

ಜೈಲಿನ ಗೇಟಿನ ಎದುರು ಅವನ ಹೆಂಡತಿ ಚಿಕ್ಕಗಂಗಮ್ಮ ಒಂದು ಕೈಚೀಲ ಹಿಡಿದು ನಿಂತಿದ್ದಳು. ನಾನು ಸ್ವಲ್ಪ ದೂರದಲ್ಲಿ ನಿಂತೆ. ಅವನು ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ, ಆಮೇಲೆ ನನ್ನನ್ನು. ಹತ್ತಿರ ಹೋದೆ.

"ತಿಪ್ಪಯ್ಯ, ನನ್ನಿಂದ ನಿನಗೆ..."

"ಲಾಯರಮ್ಮ ನಿಮ್ಮ ಹೇಳಿಕೆ ಓದಿ ಹೇಳುದ್ರು ಅಮ್ಮಾವ್ರೆ," ಎಂದ ಅವನು. ಸಿಟ್ಟಿರಲಿಲ್ಲ. ಹೇಳಬೇಕೆಂದು ಬಹಳ ದಿನದಿಂದ ಇಟ್ಟುಕೊಂಡಿದ್ದನ್ನು ಹೇಳುವಂತೆ ನಿಧಾನವಾಗಿ ಹೇಳಿದ. "ಎರಡು ಸಲ ಓದುಸ್ಕೊಂಡೆ. ಒಂದರ ಹಿಂದೆ ಒಂದು ಹೆಂಗೆ ಕೂರ್ಸಿದ್ರಿ ಅಂತೀನಿ. ಕೇಳ್ತಾ ಕೇಳ್ತಾ ನಂಗೂ ಅನ್ನುಸ್ಬುಡ್ತು, ನಾನೇ ಹೊಡ್ದಿರ್ಬೋದೇನೋ ಅಂತ. ರಾತ್ರಿ ಎಲ್ಲ ಕುಂತು ಗ್ಯಾಪಕ ಮಾಡ್ಕೊಂಡೆ, ಹೊಡುದ್ನಾ, ಇಲ್ವಾ ಅಂತ."

"ಬುಡು, ಈಗ್ಯಾಕೆ ಅದು," ಎಂದಳು ಚಿಕ್ಕಗಂಗಮ್ಮ. ನನ್ನ ಕಡೆ ನೋಡಲಿಲ್ಲ. "ನಡಿ, ಚೇಳೂರು ಬಸ್ಸು ತಪ್ಪೋಯ್ತದೆ."

ಅವಳು ಅವನ ತೋಳು ಹಿಡಿದುಕೊಂಡಳು. ರಸ್ತೆ ದಾಟುವಾಗ ಅವನು ಎರಡೂ ಕಡೆ ನೋಡಿ, ಯಾವ ಗಾಡಿಯೂ ಇಲ್ಲದಿದ್ದರೂ ನಿಂತ. ಅವಳು ಎಳೆದುಕೊಂಡು ಹೋಗಬೇಕಾಯಿತು. ಬಟವಾಡಿಯಿಂದ ಬರುವಾಗ ಆಟೋದಲ್ಲಿ ಒಂದೊಂದೇ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ನನ್ನ ಹತ್ತಿರ ಹಾಗೇ ಇದ್ದವು. ಅವರನ್ನು ಕೂಗಲಿಲ್ಲ.